ಗುಲಾಮನಿಗೆ ಮೂರು, ರಾಜನಿಗೆ ಸೊನ್ನೆ

ಮೊದಲು ಆಟ ಹೇಗೆ ಅಂತ ಹೇಳಿಬಿಡ್ತೇನೆ. ಗೊತ್ತಿದ್ದವರು ಎರಡು ಪ್ಯಾರಾ ಹಾರಿಸಿ ಮುಂದೆ ಹೋಗಬಹುದು.

'ಮ್ಯಾಜಿಕ್: ದಿ ಗ್ಯಾದರಿಂಗ್' ಅಂತ ಒಂದು ಕಾರ್ಡಿನ ಆಟ ಇದೆ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಅನ್ನುವ ಗಣಿತದ ಮೇಷ್ಟ್ರು ಹುಟ್ಟುಹಾಕಿದ್ದು. ಇಸ್ಪೀಟಿನ ಹಾಗೆ 52 ಎಲೆಯ ಒಂದೇ ಕಟ್ಟು ಅಲ್ಲ ಇದು. ಸಾವಿರಾರು ಬೇರೆ ಬೇರೆ ಕಾರ್ಡುಗಳಿವೆ, ಪೊಟ್ಟಣದಲ್ಲಿ ಮಾರುತ್ತಾರೆ, ಒಡೆಯುವ ತನಕ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಈ ಆಟ ಆಡುವ ಹಲವು ಬಗೆಯಲ್ಲಿ ಒಂದು ಡ್ರಾಫ್ಟ್. ಎಂಟು ಜನ ಮೇಜಿನ ಸುತ್ತ ಕೂರುವುದು, ಒಬ್ಬೊಬ್ಬರಿಗೆ ಮೂರು ಪೊಟ್ಟಣ. ಎಲ್ಲರೂ ಒಂದು ಪೊಟ್ಟಣ ಒಡೆದು, ಒಂದು ಕಾರ್ಡು ಇಟ್ಟುಕೊಂಡು, ಉಳಿದದ್ದನ್ನು ಎಡಗಡೆಯವರಿಗೆ ಕೊಡುವುದು. ಬಲಗಡೆಯಿಂದ ಬಂದದ್ದರಲ್ಲಿ ಮತ್ತೆ ಒಂದು ಆರಿಸುವುದು. ಹೀಗೆ ಪೊಟ್ಟಣ ಖಾಲಿಯಾಗುವ ತನಕ. ಎರಡನೇ ಪೊಟ್ಟಣ ಬಲಕ್ಕೆ ತಿರುಗುತ್ತದೆ, ಮೂರನೆಯದು ಮತ್ತೆ ಎಡಕ್ಕೆ.

ಕೊನೆಗೆ ಪ್ರತಿಯೊಬ್ಬರ ಹತ್ತಿರ 42 ಅಥವಾ 45 ಕಾರ್ಡು ಇರುತ್ತದೆ. ಅದರಲ್ಲಿ ಸುಮಾರು 23 ಆರಿಸಿ, ಆಟಕ್ಕೆ ಶಕ್ತಿ ಒದಗಿಸುವ 17 'ಲ್ಯಾಂಡ್' ಕಾರ್ಡು ಸೇರಿಸಿ, 40ರ ಒಂದು ಕಟ್ಟು ಮಾಡಿಕೊಂಡು ಆಡುವುದು. ಆಟ ಮುಗಿದ ಮೇಲೆ? ನೀವು ಆರಿಸಿಕೊಂಡ ಕಾರ್ಡು ನಿಮ್ಮದೇ. ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಬಹುದು. ಮಾರಲೂಬಹುದು.

ಸಮಸ್ಯೆ ಹುಟ್ಟುವುದು ಇಲ್ಲೇ.

ನಿಮ್ಮ ಕೈಯಲ್ಲಿ ಹದಿನಾಲ್ಕು ಕಾರ್ಡು ಇವೆ ಅಂದುಕೊಳ್ಳಿ. ಒಂದಕ್ಕೆ ಪೇಟೆಯಲ್ಲಿ ಎರಡೂವರೆ ಸಾವಿರ ರೂಪಾಯಿ, ಆದರೆ ನೀವು ಕಟ್ಟುತ್ತಿರುವ ಕಟ್ಟಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಇನ್ನೊಂದಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ, ಆದರೆ ಅದು ಇದ್ದರೆ ಇವತ್ತು ರಾತ್ರಿ ಎರಡು ಆಟ ಹೆಚ್ಚು ಗೆಲ್ತೀರಿ. ಒಂದೇ ತೆಗೆಯಬಹುದು. ಪಕ್ಕದವನು ಕೈ ಚಾಚಿ ಕಾಯ್ತಾ ಇದ್ದಾನೆ. ಯಾವುದು?

ಬೆಂಗಳೂರಿನಲ್ಲಿ ಶನಿವಾರ ರಾತ್ರಿ ಈ ಆಟಕ್ಕೆ ಕೂರುವ ನನ್ನಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಇದರ ಮೇಲೆ ಜಗಳ ಆಗುತ್ತದೆ, ಕೆಲವರ ಹೆಸರೂ ಕೆಡುತ್ತದೆ. 'ಅವನು ದುಡ್ಡಿನ ಕಾರ್ಡು ತೆಗೀತಾನೆ' ಅನ್ನುವುದು ನಮ್ಮ ಗುಂಪಿನಲ್ಲಿ ಹೊಗಳಿಕೆ ಅಲ್ಲ.

ಬೆಲೆ ಬೇರೆ, ಆಟದಲ್ಲಿ ಒದಗುವುದು ಬೇರೆ ಅನ್ನುವುದನ್ನು ನಾನು ಕಲಿತದ್ದು ಮಾತ್ರ ಮ್ಯಾಜಿಕ್‌ನಿಂದ ಅಲ್ಲ. ನಮ್ಮದು ಅಂಕೋಲಾ ತಾಲೂಕಿನ ಬೊಬ್ರುವಾಡ. ಅಲ್ಲಿ ನಮ್ಮ ದೊಡ್ಡಪ್ಪ ಜಗಲಿ ಮೇಲೆ ಕೂತು ಇಪ್ಪತ್ತೆಂಟು ಆಡುತ್ತಿದ್ದರು. ಆ ಆಟ ಆಡಿದವರಿಗೆ ಗೊತ್ತು, ಅದರಲ್ಲಿ ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಬಣ್ಣಕ್ಕೆ ಏಳರಂತೆ ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು, ಅದಕ್ಕೇ ಆ ಹೆಸರು. ರಾಜ, ರಾಣಿಗೆ ಸೊನ್ನೆ. ಅಷ್ಟೇ ಅಲ್ಲ, ಗುಲಾಮ ಬಿದ್ದರೆ ರಾಜನೂ ಹೋದ, ಎಕ್ಕವೂ ಹೋಯಿತು. ನನಗೆ ಎಂಟೋ ಒಂಬತ್ತೋ ವರ್ಷ ಇರುವಾಗ ಅವರ ಬೆನ್ನ ಹಿಂದೆ ಕೂತು ಎಲೆ ನೋಡುತ್ತಿದ್ದೆ. ಕಿರೀಟ ಇಟ್ಟ ರಾಜನನ್ನು ಅಷ್ಟು ಸಲೀಸಾಗಿ ಎಸೆಯುವುದು ನೋಡಿ ಹೊಟ್ಟೆ ಉರಿಯುತ್ತಿತ್ತು. ಯಾಕೆ ಅಂತ ಕೇಳಿದರೆ ದೊಡ್ಡಪ್ಪ ತಿರುಗಿಯೂ ನೋಡದೆ, "ತಮಾ, ಚಿತ್ರ ನೋಡೂಕೆ ಚಂದ. ಈ ಆಟದಾಗೆ ಅವ್ನ ಕೈಲಿ ಎಂತದೂ ಇಲ್ಲ" ಅಂದಿದ್ದರು.

ಅದೇ ರಾಜ ಬೇರೆ ಆಟಕ್ಕೆ ಹೋದರೆ ರಾಜನೇ. ರಮ್ಮಿಯಲ್ಲಿ ಕೈಯಲ್ಲಿ ಉಳಿದರೆ ಹತ್ತು ಅಂಕದ ಹೊರೆ. ಎಲೆ ಒಂದೇ. ಅದರ ಬೆಲೆ ಎಲೆಯ ಮೇಲೆ ಬರೆದಿಲ್ಲ, ಆಟದ ನಿಯಮದಲ್ಲಿ ಇದೆ.

ಮ್ಯಾಜಿಕ್‌ನಲ್ಲೂ ಹಾಗೆಯೇ. ಒಂದು ಕಾರ್ಡಿಗೆ ಸಾವಿರಗಟ್ಟಲೆ ಬೆಲೆ ಬರುವುದು ಡ್ರಾಫ್ಟ್ ಆಡುವವರಿಂದ ಅಲ್ಲ. ಮೊದಲೇ ಲೆಕ್ಕ ಹಾಕಿ, ಒಂದೊಂದೇ ಕಾರ್ಡು ಕೊಂಡು, 60 ಅಥವಾ 100 ಕಾರ್ಡಿನ ಕಟ್ಟು ಮಾಡಿ ಆಡುವ ಇನ್ನೊಂದು ವರ್ಗ ಇದೆ. ಅವರಿಗೆ ಅದೇ ಕಾರ್ಡು ಬೇಕು, ಅದರ ಜೊತೆ ಹೊಂದುವ ಬೇರೆ ದುಬಾರಿ ಕಾರ್ಡುಗಳು ಅವರ ಹತ್ತಿರ ಆಗಲೇ ಇವೆ. ಬೇಡಿಕೆ ಅವರದ್ದು. ಅಚ್ಚಾದದ್ದು ಕಡಿಮೆ ಇದ್ದರೆ ಬೆಲೆ ಏರುತ್ತದೆ, ಕಂಪನಿ ಮತ್ತೆ ಅಚ್ಚು ಹಾಕಿದರೆ ಇಳಿಯುತ್ತದೆ. ನಿಮ್ಮ ಇವತ್ತಿನ ಮೇಜಿಗೂ ಆ ಬೆಲೆಗೂ ಸಂಬಂಧವೇ ಇಲ್ಲ.

ಇದಕ್ಕೆ ತಕ್ಕ ಉದಾಹರಣೆ 'ಫೆಚ್ ಲ್ಯಾಂಡ್' ಅನ್ನುವ ಜಾತಿ. ಅದನ್ನು ಬಲಿಕೊಟ್ಟರೆ ಕಟ್ಟಿನಿಂದ ನಿಮಗೆ ಬೇಕಾದ ಬಣ್ಣದ ಲ್ಯಾಂಡ್ ಹುಡುಕಿ ತೆಗೆಯಬಹುದು. ಮೂರು ನಾಲ್ಕು ಬಣ್ಣ ಬೆರೆಸಿ ಆಡುವ ದೊಡ್ಡವರ ಕಟ್ಟಿಗೆ ಅದು ಬೆನ್ನೆಲುಬು. ಎರಡೇ ಬಣ್ಣದ ಡ್ರಾಫ್ಟ್ ಕಟ್ಟಿನಲ್ಲಿ ಅದು ಬಹುಮಟ್ಟಿಗೆ ಇನ್ನೊಂದು ಸಾದಾ ಲ್ಯಾಂಡ್, ಅಷ್ಟೇ. ಇನ್ನೊಂದು ತುದಿಯಲ್ಲಿ, ಎದುರಾಳಿಯ ಪ್ರಾಣಿಯನ್ನು ಹೊಡೆದು ಹಾಕುವ ಅಗ್ಗದ ಸಾಮಾನ್ಯ ಕಾರ್ಡುಗಳಿವೆ. ಪ್ರತಿ ಪೊಟ್ಟಣದಲ್ಲೂ ಒಂದೋ ಎರಡೋ ಸಿಗುತ್ತವೆ, ಅದಕ್ಕೇ ಬೆಲೆ ಇಲ್ಲ. ಡ್ರಾಫ್ಟ್ ಗೆಲ್ಲಿಸುವುದು ಅವು. ಗುಲಾಮಗಳು.

ಈ ಪ್ರಶ್ನೆ ಒಮ್ಮೆ ಜಗತ್ತಿನ ಎದುರೇ ಬಂದಿತ್ತು. 2015ರ ಮೇ ಕೊನೆಯಲ್ಲಿ ಲಾಸ್ ವೇಗಸ್‌ನಲ್ಲಿ ಗ್ರ್ಯಾಂಡ್ ಪ್ರೀ ನಡೆಯಿತು. ಸಾವಿರಾರು ಜನರಲ್ಲಿ ಕೊನೆಗೆ ಉಳಿದ ಎಂಟು ಮಂದಿಯ ಡ್ರಾಫ್ಟ್. ಕೆನಡಾದ ಪಾಸ್ಕಲ್ ಮೇನಾರ್ಡ್ ಅನ್ನುವ ವೃತ್ತಿಪರ ಆಟಗಾರ ಪೊಟ್ಟಣ ಒಡೆದಾಗ ಒಳಗೆ 'ಟಾರ್ಮೊಗಾಯ್ಫ್' ಕಾರ್ಡು, ಅದೂ ಮಿರುಗುವ ಫಾಯಿಲ್. ಪೇಟೆಯಲ್ಲಿ ಕೆಲವು ನೂರು ಡಾಲರ್. ಅದು ಹಸಿರು ಬಣ್ಣದ ಕಾರ್ಡು, ಅವನು ಕಟ್ಟುತ್ತಿದ್ದದ್ದು ಕೆಂಪು-ಬಿಳಿ. ಅದೇ ಪೊಟ್ಟಣದಲ್ಲಿ 'ಬರ್ಸ್ಟ್ ಲೈಟ್ನಿಂಗ್' ಇತ್ತು, ಅವನ ಕಟ್ಟಿಗೆ ಬೇಕಾದ ಕೆಂಪು ಹೊಡೆತ. ಅವನು ಟಾರ್ಮೊಗಾಯ್ಫ್ ತೆಗೆದ. ಟೂರ್ನಿ ಗೆಲ್ಲಲಿಲ್ಲ.

ಬೈಗುಳದ ಮಳೆ ಸುರಿಯಿತು. ಜೊತೆಯ ವೃತ್ತಿಪರರೇ ಟ್ವಿಟರ್‌ನಲ್ಲಿ ಹಿಗ್ಗಾಮುಗ್ಗಾ ಜಾಡಿಸಿದರು. ಆಟದ ಘನತೆ, ಗೆಲ್ಲುವ ಛಲ ಇತ್ಯಾದಿ. ಮೇನಾರ್ಡ್ ಏನು ಮಾಡಿದ ಗೊತ್ತೇ? ಅದೇ ಕಾರ್ಡನ್ನು ಇ-ಬೇನಲ್ಲಿ ಹರಾಜಿಗೆ ಇಟ್ಟ. ಗಲಾಟೆಯಿಂದಲೇ ಅದು ಪ್ರಸಿದ್ಧವಾಗಿತ್ತಲ್ಲ, 14,900 ಡಾಲರ್‌ಗೆ ಹೋಯಿತು! ಅದರಲ್ಲಿ ಅರ್ಧವನ್ನು ಮ್ಯಾಜಿಕ್ ಆಡುವ ವಿದ್ಯಾರ್ಥಿಗಳಿಗೆ ಓದಲು ನೆರವು ಕೊಡುವ 'ಗೇಮರ್ಸ್ ಹೆಲ್ಪಿಂಗ್ ಗೇಮರ್ಸ್' ಅನ್ನುವ ಸಂಸ್ಥೆಗೆ ಕೊಟ್ಟ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, 'ನೋಡಿ, ಕೊನೆಗೆ ಅವನೇ ಸರಿ' ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 14,900 ಡಾಲರ್ ಬರುತ್ತದೆ ಅಂತ ಆ ಕ್ಷಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹರಾಜಿನ ಮೊತ್ತ ಇಟ್ಟುಕೊಂಡು ಆರಿಸಿದ ಕ್ಷಣವನ್ನು ಅಳೆಯಬಾರದು. ಹಾಗೆಯೇ ಬೈದವರೂ ಒಂದು ವಿಷಯ ಮರೆತಿದ್ದರು. ಊರಿಂದ ಊರಿಗೆ ತನ್ನ ದುಡ್ಡಲ್ಲೇ ವಿಮಾನ ಹತ್ತಿ ಆಡುವವನಿಗೆ ಆ ಕೆಲವು ನೂರು ಡಾಲರ್ ಎಷ್ಟು ಅಂತ ಅವನಿಗೆ ಮಾತ್ರ ಗೊತ್ತು.

ಇದನ್ನೆಲ್ಲ ನಾನು ಓದಿ ತಿಳಿದದ್ದು. ಕಣ್ಣಾರೆ ನೋಡಿದ್ದು 2024ರ ಚೌತಿಯಲ್ಲಿ, ಬೊಬ್ರುವಾಡದ ನಮ್ಮ ಮನೆಯಲ್ಲೇ.

ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದ ವರ್ಷ ಅದು. ಚೌತಿಗೆ ಊರಿಗೆ ಬಂದವರೆಲ್ಲ ಮೊದಲು ಆ ಮಾತು ಮುಗಿಸಿಯೇ ಬೇರೆ ಮಾತು. ನಮ್ಮ ಕಡೆ ಚೌತಿ ಅಂದರೆ ರಾತ್ರಿ ಎಲೆ ಆಡುವುದು ಇದ್ದದ್ದೇ. ದೊಡ್ಡವರು ಜಗಲಿಯಲ್ಲಿ ಇಸ್ಪೀಟು ಹಾಕಿದರು, ನಾವು ಆರು ಜನ ಒಳಗೆ ನಡುಮನೆಯಲ್ಲಿ ಚಾಪೆ ಹಾಸಿ ಡ್ರಾಫ್ಟ್‌ಗೆ ಕೂತೆವು. ನಾನು, ನನ್ನ ತಮ್ಮ, ಅತ್ತೆಯ ಮಗ, ಕಾರವಾರದಿಂದ ಬಂದ ಇಬ್ಬರು ಗೆಳೆಯರು, ಮತ್ತೆ ಚಿಕ್ಕಪ್ಪನ ಮಗ. 'ಮಾಡರ್ನ್ ಹೊರೈಝನ್ಸ್ 3' ಅನ್ನುವ ಸರಣಿಯ ಪೊಟ್ಟಣ ಬೆಂಗಳೂರಿನಿಂದ ನಾನೇ ತಂದಿದ್ದೆ. ದುಬಾರಿ ಸರಣಿ ಅದು, ತಲೆಗೆ ಎರಡು ಸಾವಿರದ ಮೇಲೆ ಬಿತ್ತು.

ಚಿಕ್ಕಪ್ಪನ ಮಗ ಆಗ ಕೆಲಸ ಕಳೆದುಕೊಂಡು ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹತ್ತು ನಿಮಿಷದ ವಿಡಿಯೋ ಕಾಲ್‌ನಲ್ಲಿ ಇಡೀ ತಂಡವನ್ನು ಮನೆಗೆ ಕಳಿಸಿದ್ದರು. ಬೆಂಗಳೂರಿನ ರೂಮು ಬಿಟ್ಟು, ಸಾಮಾನು ಗೆಳೆಯರ ಮನೆಯಲ್ಲಿ ಇಟ್ಟು, ಊರಿಗೆ ಬಂದಿದ್ದ. ಊರಲ್ಲಿ ಸಿಕ್ಕವರೆಲ್ಲ "ರಜೆಯನಾ?" ಅಂತ ಕೇಳುವುದು, ಇವನು "ವರ್ಕ್ ಫ್ರಂ ಹೋಂ" ಅನ್ನುವುದು. ಡ್ರಾಫ್ಟ್‌ಗೆ ಬಾ ಅಂದಾಗ ಮೊದಲು ಬೇಡ ಅಂದ. "ನಿನ್ನ ಪಾಲು ನಾ ಹಾಕ್ತೆ, ಸುಮ್ನೆ ಕೂತ್ಕೊ ಮಾರಾಯಾ" ಅಂದೆ. ಕೂತ.

ನಮ್ಮ ಆರು ಜನರಲ್ಲಿ ಈ ಆಟದಲ್ಲಿ ಅವನಷ್ಟು ಚುರುಕಾದವರು ಬೇರೆ ಯಾರೂ ಇಲ್ಲ. ಮೊದಲ ಪೊಟ್ಟಣ ಮುಗಿಯುವ ಹೊತ್ತಿಗೆ ಕೆಂಪು-ಬಿಳಿ ಕಟ್ಟು ಚೆಂದವಾಗಿ ಕೂಡಿಬಂದಿತ್ತು. ಎರಡನೇ ಪೊಟ್ಟಣ ಒಡೆದ. ಅದರಲ್ಲಿ 'ಗ್ಯಾಲ್ವನಿಕ್ ಡಿಸ್ಚಾರ್ಜ್' ಇತ್ತು. ಕೆಂಪು, ಅಗ್ಗ, ಸರಣಿಯ ಒಳ್ಳೆಯ ಸಾಮಾನ್ಯ ಕಾರ್ಡುಗಳಲ್ಲಿ ಒಂದು. ಅದರ ಹಿಂದೆ 'ಫ್ಲಡೆಡ್ ಸ್ಟ್ರ್ಯಾಂಡ್', ಒಂದು ಫೆಚ್ ಲ್ಯಾಂಡ್. ಆ ಹೊತ್ತಿನ ದರ ಸುಮಾರು ಎರಡೂವರೆ ಸಾವಿರ.

ನನಗೆ ಇದು ಹೇಗೆ ಗೊತ್ತು ಅಂದರೆ, ಅವನ ಎಡಗಡೆ ಕೂತವನು ನನ್ನ ತಮ್ಮ, ಬಲಗಡೆ ನಾನು. ಎರಡನೇ ಪೊಟ್ಟಣ ಬಲಕ್ಕೆ ತಿರುಗುವುದರಿಂದ ಅವನು ಆರಿಸಿ ಬಿಟ್ಟ ಪೊಟ್ಟಣ ಬಂದದ್ದು ನನ್ನ ಕೈಗೆ. ಯಾವತ್ತೂ ಐದು ಸೆಕೆಂಡಿನಲ್ಲಿ ಆರಿಸುವವನು ಎರಡು ನಿಮಿಷ ಕೂತ. ಎಲ್ಲರೂ ಕಾಯುತ್ತಿದ್ದೆವು. ಆಮೇಲೆ ಪೊಟ್ಟಣ ನನ್ನ ಕಡೆ ಬಂತು. ಡಿಸ್ಚಾರ್ಜ್ ಅದರಲ್ಲೇ ಇತ್ತು.

ಡ್ರಾಫ್ಟ್ ಮುಗಿದು ಕಟ್ಟು ಜೋಡಿಸುವಾಗ ಅವನ ರಾಶಿಯಲ್ಲಿ ಸ್ಟ್ರ್ಯಾಂಡ್ ಬದಿಗಿಟ್ಟದ್ದು ಕಾರವಾರದ ಗೆಳೆಯರಲ್ಲಿ ಒಬ್ಬ ನೋಡಿದ. "ಎಂತದಾ ಇದು, ಆಡೂಕೆ ಬಂದದ್ದಾ, ಯಾಪಾರಕ್ಕೆ ಬಂದದ್ದಾ?" ಅಂದ. ತಮಾಷೆಗೇ ಅಂದದ್ದು. ಯಾರೂ ನಗಲಿಲ್ಲ. ಚಿಕ್ಕಪ್ಪನ ಮಗ ಏನೂ ಹೇಳಲಿಲ್ಲ, ಕಟ್ಟು ಕಲಸುತ್ತಾ ಇದ್ದ. ಹೊರಗೆ ಜಗಲಿಯಲ್ಲಿ ಯಾರೋ ಎಲೆ ಬಡಿದ ಸದ್ದು.

ಅವನು ಮೂರರಲ್ಲಿ ಎರಡು ಪಂದ್ಯ ಸೋತ. ಒಂದರಲ್ಲಿ ಎದುರಿಗಿದ್ದವನು ನಾನೇ, ಕೊನೆಯ ಸುತ್ತಿನಲ್ಲಿ ಅವನ ಮುಖ್ಯ ಪ್ರಾಣಿಯನ್ನು ಹೊಡೆದದ್ದು ಅವನೇ ಬಿಟ್ಟುಕೊಟ್ಟ ಡಿಸ್ಚಾರ್ಜ್‌ನಿಂದ. ಅವನು ನಕ್ಕು ಕೈ ಕುಲುಕಿದ.

ಮೂರು ವಾರ ಆದ ಮೇಲೆ ನನ್ನ ಖಾತೆಗೆ ಅವನಿಂದ ಯುಪಿಐನಲ್ಲಿ ದುಡ್ಡು ಬಂತು. ಪೊಟ್ಟಣದ ಅವನ ಪಾಲು, ರೂಪಾಯಿಗೆ ರೂಪಾಯಿ ಸರಿಯಾಗಿ. ಫೋನು ಮಾಡಿದೆ. "ಅದೆಲ್ಲ ಎಂತಕಾ?" ಅಂದೆ. "ಅಣ್ಣಾ, ಕಾರ್ಡು ಮಾರ್ದೆ. ನಿನ್ನ ದುಡ್ಡಾಗೆ ಆಡೂಕೆ ಆಗೂದಿಲ್ಲ ನಂಗೆ. ಮುಂದಿನ ಸಲ ಕರ್ದ್ರೆ ಬರ್ಬೇಕಲ್ಲಾ" ಅಂದ.

ಆ ದುಡ್ಡು ವಾಪಸ್ ಕಳಿಸಲಿಲ್ಲ ನಾನು. ಕಳಿಸಿದ್ದರೆ ಅವನು ಮತ್ತೆ ಆ ಚಾಪೆಯ ಮೇಲೆ ನೆಂಟನ ಹಾಗೆ ಕೂರಬೇಕಾಗುತ್ತಿತ್ತು. ನಾಲ್ಕು ತಿಂಗಳಿಂದ ಅವನು ಎಲ್ಲ ಕಡೆ ನೆಂಟನೇ. ಅಪ್ಪನ ಮನೆಯ ಊಟ, ಅಮ್ಮ ಕೊಟ್ಟ ಪೆಟ್ರೋಲ್ ದುಡ್ಡು, ಗೆಳೆಯರ ಮನೆಯಲ್ಲಿ ಇಟ್ಟ ಸಾಮಾನು. ಸಮಾನನಾಗಿ ಕೂತ ಒಂದೇ ಜಾಗ ಆ ಮೇಜು, ಅದಕ್ಕೂ ಪಾಲು ಹಾಕಿದವನು ನಾನು. ಎರಡು ನಿಮಿಷದಲ್ಲಿ ಅವನು ಹಾಕಿದ ಲೆಕ್ಕ ಇದು. ಆವತ್ತಿನ ಗೆಲುವು ಬಿಟ್ಟು ಮುಂದಿನ ಆಟದ ಸೀಟು ಕೊಂಡ. ಇದನ್ನು ದುರಾಸೆ ಅನ್ನುವುದು ಹೇಗೆ?

ನಮ್ಮಲ್ಲಿ ಕೈಯಲ್ಲಿ ನಾಲ್ಕು ಕಾಸು ಇರುವವರು 'ಆಟಕ್ಕಾಗಿ ಆಟ' ಅಂತ ದೊಡ್ಡ ಮಾತು ಆಡುತ್ತೇವೆ. ಎರಡೂವರೆ ಸಾವಿರದ ಕಾರ್ಡನ್ನು ಪಕ್ಕದವನಿಗೆ ದಾಟಿಸಿ ಇಪ್ಪತ್ತು ರೂಪಾಯಿಯದ್ದನ್ನು ತೆಗೆಯುವುದರಲ್ಲಿ ಒಂದು ಗತ್ತು ಇದೆ. ಆ ಗತ್ತಿಗೆ ಸಂಬಳ ಬೇಕು.

ಅಂಕೋಲಾದ ಮೀನು ಪೇಟೆಗೆ ಹೋಗಿ ನೋಡಿ. ಪಾಂಪ್ಲೆಟ್, ಇಸೋಣ ಮಾರುವ ಹೆಂಗಸಿನ ಮನೆಯಲ್ಲಿ ಅವತ್ತಿನ ಸಾರು ಬಹುಮಟ್ಟಿಗೆ ತಾರ್ಲೆಯದ್ದೋ ಬಂಗಡೆಯದ್ದೋ. ಅವಳಿಗೆ ಇಸೋಣದ ರುಚಿ ಗೊತ್ತಿಲ್ಲ ಅಂತಲ್ಲ. ಬೆಲೆ ಬರುವುದು ಪೇಟೆಗೆ, ಹೊಟ್ಟೆ ತುಂಬಿಸುವುದು ಮನೆಗೆ. ದಿನಾ ಮಾಡುವ ಈ ಆಯ್ಕೆಯನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಇನ್ನೊಂದು ಕಡೆ ನಮ್ಮ ಕರಿ ಇಶಾಡ ಮಾವು ಇದೆ. 2023ರಲ್ಲಿ ಜಿಐ ಟ್ಯಾಗ್ ಬಂತು, ಎಲ್ಲರಿಗೂ ಹೆಮ್ಮೆ. ಆದರೆ ತೆಳು ಸಿಪ್ಪೆ, ಹಣ್ಣಾದ ಮೇಲೆ ಹೆಚ್ಚು ದಿನ ತಡೆಯುವುದಿಲ್ಲ. ದೂರದ ಪೇಟೆಗೆ ಕಳಿಸುವುದು ಕಷ್ಟ. ಮೇ ತಿಂಗಳಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುತ್ತಾರೆ, ಕೊಂಡವರು ಅವತ್ತೋ ನಾಳೆಯೋ ತಿನ್ನಬೇಕು. ಬೆಲೆ ಬರಲಿ ಅಂತ ಇಟ್ಟುಕೊಳ್ಳುವ ಹಣ್ಣೇ ಅಲ್ಲ. ಎರಡೂ ಜಾತಿಯ ಕಾರ್ಡು ನಮ್ಮ ಊರಲ್ಲಿ ಮೊದಲಿಂದಲೂ ಇವೆ. ಯಾವುದನ್ನು ಯಾವ ಕೈಯಲ್ಲಿ ಹಿಡಿಯಬೇಕು ಅಂತ ಜನಕ್ಕೆ ಗೊತ್ತಿದೆ.

ಹಾಗಂತ ದುಡ್ಡಿನ ಕಾರ್ಡು ಕಂಡಾಗಲೆಲ್ಲ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅಗತ್ಯ ಇಲ್ಲದವರು ಅದೇ ಚಾಳಿ ಮಾಡಿಕೊಂಡರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಬೆಂಗಳೂರಿನ ನಮ್ಮ ಗುಂಪಿನಲ್ಲಿ ಒಬ್ಬ ಇದ್ದಾನೆ, ಒಳ್ಳೆಯ ಸಂಬಳ, ಮೂರು ಆಲ್ಬಂ ತುಂಬ ದುಬಾರಿ ಕಾರ್ಡು. ಪ್ಲಾಸ್ಟಿಕ್ ಕವರು, ಅದರ ಮೇಲೆ ಇನ್ನೊಂದು ಕವರು. ಡ್ರಾಫ್ಟ್‌ಗೆ ಬರುತ್ತಾನೆ, ಮೊಬೈಲಿನಲ್ಲಿ ದರ ನೋಡಿ ಆರಿಸುತ್ತಾನೆ, ಎಲ್ಲ ಪಂದ್ಯ ಸೋಲುತ್ತಾನೆ, ಒಂಬತ್ತು ಗಂಟೆಗೆ ಮನೆಗೆ ಹೋಗುತ್ತಾನೆ. ಮಾರುವುದೂ ಇಲ್ಲ, ಆಡುವುದೂ ಇಲ್ಲ. ಅವನ ಎದುರು ಕೂತವನಿಗೂ ಆಟ ಸಿಗುವುದಿಲ್ಲ.

ಇದನ್ನು ಬರೆಯುವಾಗ ಮೈಸೂರಿನ ಗಂಜೀಫಾ ನೆನಪಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಆಡುತ್ತಿದ್ದ ಆಟ. ಅವರು ತಾವೇ ಹೊಸ ಹೊಸ ಬಗೆಯ ಆಟಗಳನ್ನು ಕಟ್ಟಿದ್ದರು, 'ಶ್ರೀತತ್ತ್ವನಿಧಿ'ಯಲ್ಲಿ ಅವುಗಳ ವಿವರ ಇದೆ. ಕಾರವಾರದಿಂದ ಗೋವಾ ದಾಟಿದರೆ ಸಿಗುವ ಸಾವಂತವಾಡಿಯಲ್ಲಿ ಇವತ್ತಿಗೂ ಗಂಜೀಫಾ ಬರೆಯುತ್ತಾರೆ. ದುಂಡನೆಯ ಎಲೆ, ಕೈಯಲ್ಲಿ ಬಿಡಿಸಿದ ಚಿತ್ರ. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಕಲಾವಿದರ ಶ್ರಮಕ್ಕೆ ಬೆಲೆ ಬರುತ್ತಿರುವುದು ಸಂತೋಷವೇ. ಆದರೆ ಕೊಂಡವರಲ್ಲಿ ಆಡಲು ಬರುವವರು ಎಷ್ಟು ಜನ? ಹೆಚ್ಚಿನವು ಚೌಕಟ್ಟು ಸೇರಿ ಗೋಡೆಗೆ ಹೋಗುತ್ತವೆ. ಆಟದ ಎಲೆಗೆ ಬೆಲೆ ಮಾತ್ರ ಉಳಿದರೆ ಅದು ಚಿತ್ರ ಆಗುತ್ತದೆ.

ಸರಿ, ಮೇಜಿನ ಹತ್ತಿರ ಕೂತಾಗ ಏನು ಮಾಡಬೇಕು? ಇಷ್ಟು ವರ್ಷ ಆಡಿ ನನಗೆ ತಿಳಿದ ಲೆಕ್ಕ ಹೇಳುತ್ತೇನೆ.

ಆರಿಸಿದ 42ರಲ್ಲಿ ಕಟ್ಟಿಗೆ ಹೋಗುವುದು 23. ಹತ್ತಿರ ಹತ್ತಿರ ಅರ್ಧ ಕಾರ್ಡು ಬೆಂಚಿನ ಮೇಲೇ ಕೂರುತ್ತದೆ. ಹಾಗಾಗಿ ಪ್ರತಿ ಆಯ್ಕೆಯೂ ಒಂದೇ ತೂಕದ್ದಲ್ಲ. ಪೊಟ್ಟಣದ ಕೊನೆಯ ಐದಾರು ಕಾರ್ಡಿನಲ್ಲಿ ಬೆಲೆಯದ್ದು ಕಂಡರೆ ಯೋಚಿಸದೆ ತೆಗೆಯಿರಿ, ಅದಕ್ಕೆ ನೀವು ಏನೂ ಕೊಡುತ್ತಿಲ್ಲ. ಮೊದಲ ನಾಲ್ಕು ಆಯ್ಕೆಯಲ್ಲಿ ತೆಗೆದರೆ ಮಾತ್ರ ನಿಜವಾಗಿ ಕೈಯಿಂದ ಹೋಗುತ್ತದೆ.

ಎಷ್ಟು ಹೋಗುತ್ತದೆ? ಬಿಟ್ಟ ಕಾರ್ಡು ಎಷ್ಟು ಒಳ್ಳೆಯದು ಅನ್ನುವುದಲ್ಲ ಪ್ರಶ್ನೆ. ಅದರ ಜಾಗಕ್ಕೆ ಕೊನೆಗೆ ಯಾವುದು ಬರುತ್ತದೆ, ಎರಡರ ನಡುವಿನ ಅಂತರ ಎಷ್ಟು ಅನ್ನುವುದು. ಹೊಡೆತದ ಕಾರ್ಡು ಆಗಲೇ ನಾಲ್ಕು ಇದ್ದರೆ ಐದನೆಯದನ್ನು ಬಿಟ್ಟುಕೊಡಬಹುದು. ಒಂದೂ ಇಲ್ಲದಿದ್ದರೆ ಬಿಟ್ಟದ್ದು ರಾತ್ರಿಯಿಡೀ ಕಾಡುತ್ತದೆ. ಪೊಟ್ಟಣ ಸುತ್ತು ಹೊಡೆದು ಬರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಂಟು ಜನ ಇದ್ದರೆ ನೀವು ಒಡೆದ ಪೊಟ್ಟಣ ಒಂಬತ್ತನೇ ಆಯ್ಕೆಗೆ ನಿಮಗೇ ವಾಪಸ್, ಆರು ಜನರಿದ್ದರೆ ಏಳನೆಯದಕ್ಕೇ. ಅದರಲ್ಲಿ ನಿಮಗೆ ಹೊಂದುವ ಸಾಧಾರಣ ಕಾರ್ಡು ಎರಡು ಮೂರು ಇದ್ದರೆ ಒಂದಾದರೂ ಉಳಿದು ಬರುವ ಸಾಧ್ಯತೆ ಇದೆ.

ಇನ್ನೊಂದು ದಾರಿ ಇಡೀ ಜಗಳವನ್ನೇ ಮೇಜಿನಿಂದ ಇಳಿಸುವುದು. ಹಲವು ಗುಂಪುಗಳು 'ರೇರ್ ರೀಡ್ರಾಫ್ಟ್' ಮಾಡುತ್ತವೆ. ಆಟವೆಲ್ಲ ಮುಗಿದ ಮೇಲೆ ಬೆಲೆ ಬಾಳುವ ಕಾರ್ಡುಗಳನ್ನು ನಡುವೆ ಸುರಿದು, ಗೆದ್ದ ಕ್ರಮದಲ್ಲಿ ಒಬ್ಬೊಬ್ಬರಾಗಿ ಆರಿಸಿಕೊಳ್ಳುವುದು. ಆಗ ಡ್ರಾಫ್ಟ್ ಮಾಡುವಾಗ ದರದ ಚಿಂತೆ ಇಲ್ಲ, ಎಲ್ಲರೂ ಆಡಲೆಂದೇ ಆರಿಸುತ್ತಾರೆ. ಕೇಳಲು ನ್ಯಾಯ. ಆದರೆ ನಮ್ಮ ಚೌತಿಯ ರಾತ್ರಿಗೆ ಅದನ್ನು ಹಚ್ಚಿ ನೋಡಿ. ಸೋತರೆ ಚಿಕ್ಕಪ್ಪನ ಮಗನಿಗೆ ಸ್ಟ್ರ್ಯಾಂಡ್ ಸಿಗುವ ಖಾತರಿ ಇಲ್ಲ. ಆ ನಿಯಮದಲ್ಲಿ ಅಗತ್ಯ ಇದ್ದವನು ಗೆಲ್ಲಲೇಬೇಕು. ಗೆಲ್ಲಲೇಬೇಕು ಅಂತ ಕೂತವನ ಕೈ ನಡುಗುತ್ತದೆ.

ನಾವು ಈಗ ಮಾಡುವುದು ಇಷ್ಟು. ಪೊಟ್ಟಣ ಒಡೆಯುವ ಮೊದಲು ಮಾತಾಡಿಕೊಳ್ಳುತ್ತೇವೆ. ಇವತ್ತು ಕಾರ್ಡು ತೆಗೆದವರದ್ದೋ, ಕೊನೆಗೆ ಹಂಚುವುದೋ ಅಂತ. ತೆಗೆದವರದ್ದು ಅಂತ ಆದರೆ ಯಾರು ಏನು ತೆಗೆದರೂ ಬಾಯಿ ಮುಚ್ಚಿಕೊಂಡಿರುವುದು. 'ಯಾಪಾರಕ್ಕೆ ಬಂದದ್ದಾ' ಅನ್ನುವ ಮಾತಿಗೆ ನಮ್ಮ ಚಾಪೆಯಲ್ಲಿ ಜಾಗ ಇಲ್ಲ. ಅಂದವನೇ ಈ ನಿಯಮ ಮೊದಲು ಒಪ್ಪಿದವನು.

ಬರೀ ಆಟವೇ ಬೇಕಾದ ದಿನಕ್ಕೆ ಒಂದು 'ಕ್ಯೂಬ್' ಮಾಡಿದ್ದೇವೆ. ಎಂಟು ಜನಕ್ಕೆ 45ರಂತೆ 360 ಕಾರ್ಡು, ಎಲ್ಲವೂ ಸಾಮಾನ್ಯ ಜಾತಿಯವು, ವರ್ಷಾನುಗಟ್ಟಲೆ ಡ್ರಾಫ್ಟ್ ಆಡಿ ಡಬ್ಬಿಯಲ್ಲಿ ಉಳಿದವು. ಪೊಟ್ಟಣ ಕೊಳ್ಳಬೇಕಾಗಿಲ್ಲ, ಕಲಸಿ ಹಂಚಿ ಡ್ರಾಫ್ಟ್ ಮಾಡುವುದು, ಆಟ ಮುಗಿದ ಮೇಲೆ ಎಲ್ಲ ಡಬ್ಬಿಗೆ ವಾಪಸ್. ಮನೆಗೆ ಒಯ್ಯುವುದು ಏನೂ ಇಲ್ಲ, ಪಾಲು ಹಾಕುವುದೂ ಇಲ್ಲ. ಯಾವ ಕಾರ್ಡು ಒಳಗೆ ಇರಬೇಕು ಅಂತ ಪಟ್ಟಿ ಮಾಡಿದವನು ಚಿಕ್ಕಪ್ಪನ ಮಗ. ಕೆಲಸ ಇಲ್ಲದ ಕೊನೆಯ ಎರಡು ತಿಂಗಳು ಅವನು ಅದನ್ನೇ ಮಾಡುತ್ತಿದ್ದ, ಯಾವ ಬಣ್ಣಕ್ಕೆ ಎಷ್ಟು ಹೊಡೆತ, ಯಾವುದು ಹೆಚ್ಚಾಯಿತು, ಯಾವುದು ಕಡಿಮೆ ಅಂತ. ಈಗ ಹುಬ್ಬಳ್ಳಿಯಲ್ಲಿದ್ದಾನೆ, ಮೊದಲಿಗಿಂತ ಕಡಿಮೆ ಸಂಬಳ, ರಾತ್ರಿ ನಿದ್ದೆ ಬರುತ್ತದೆ ಅನ್ನುತ್ತಾನೆ. ಡಬ್ಬಿ ಅವನ ಹತ್ತಿರವೇ ಇದೆ. 360 ಕಾರ್ಡು ಸೇರಿಸಿ ಮಾರಿದರೂ ಎಷ್ಟು ಬರುತ್ತದೋ ನಾವು ಯಾರೂ ನೋಡಿಲ್ಲ.

ಮುಂದಿನ ಸಲ ನಿಮ್ಮ ಮೇಜಿನಲ್ಲಿ ಯಾರಾದರೂ ದುಬಾರಿ ಕಾರ್ಡು ಹಿಡಿದು ಎರಡು ನಿಮಿಷ ಕೂತರೆ, ಗಡಿಯಾರ ತೋರಿಸಬೇಡಿ. ಅವರ ಲೆಕ್ಕ ಮುಗಿಯಲಿ.